‘ಶ್ರೀ’ಯವರು ಹದಗೊಳಿಸಿದ ಹಾದಿ

ಮನೆಮನೆಗಳಲ್ಲಿ ಕೇಳಿಬರುವ ಕನ್ನಡ ಭಾವಗೀತೆಗಳ ಧಾಟಿ ನಮ್ಮ ನುಡಿಯಲ್ಲಿ ಅನಾದಿಯಿಂದಲೂ ಇದ್ದಿತೆಂದು ತೋರುವುದು ಸಹಜ. ಆದರೆ ಅದರ ವಯಸ್ಸು ಸುಮಾರು ಒಂದು ಶತಮಾನವಷ್ಟೆ. ಆ ಹಾದಿಯನ್ನು ಎಲ್ಲರೂ ನಡೆಯುವಂತೆ ಹದಗೊಳಿಸಿದವರು ಇಂಗ್ಲಿಷ್ ಸಾಹಿತ್ಯದ ಪ್ರಾಧ್ಯಾಪಕರಾಗಿದ್ದ ಬಿ. ಎಂ. ಶ್ರೀಕಂಠಯ್ಯನವರು. ನಾಡು ಅವರನ್ನು ಅಕ್ಕರೆಯಿಂದ ‘ಶ್ರೀ’ ಎಂದು ಕರೆಯಿತು.

ಶ್ರೀಯವರು ಜನಿಸಿದ್ದು 1884ರ ಜನವರಿ 3ರಂದು. ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಅವರು ಅಧ್ಯಾಪಕರಾದಾಗ, ಇಂಗ್ಲಿಷ್ ಬಲ್ಲವರಿಗೆ ಕನ್ನಡದಲ್ಲಿ ಬರೆಯುವುದು ಕೀಳೆನಿಸಿತ್ತು. ಪಂಡಿತರ ಕನ್ನಡವಾದರೋ ಜನರ ಬಾಯಿಂದ ದೂರ ಸರಿದಿತ್ತು. 1911ರಲ್ಲಿ ಧಾರವಾಡದ ಕರ್ನಾಟಕ ವಿದ್ಯಾವರ್ಧಕ ಸಂಘದಲ್ಲಿ ಈ ತರುಣ ಪ್ರಾಧ್ಯಾಪಕರು ‘ಕನ್ನಡ ಮಾತು ತಲೆಯೆತ್ತುವ ಬಗೆ’ ಎಂಬ ವಿಷಯವಾಗಿ ಭಾಷಣ ಮಾಡಿ, ಆಡುವ ಕನ್ನಡಕ್ಕೆ ಸಾಹಿತ್ಯದಲ್ಲಿ ಸ್ಥಾನವನ್ನು ಬೇಡಿದರು.

ಬೇಡಿ ಸುಮ್ಮನಾಗಲಿಲ್ಲ, ಮಾಡಿ ತೋರಿಸಿದರು. ಹಳೆಯ ಕಾವ್ಯದಲ್ಲಿ ಪ್ರತಿ ಪಾದದ ಎರಡನೆಯ ಅಕ್ಷರ ಒಂದೇ ಆಗಿರಬೇಕೆಂಬ ಆದಿಪ್ರಾಸದ ಕಟ್ಟಿತ್ತು. ಮಂಜೇಶ್ವರದ ಗೋವಿಂದ ಪೈಗಳು ಅದನ್ನು ಮೊದಲೇ ತೊರೆದಿದ್ದರು. ಶ್ರೀಯವರು ಮೂರು, ನಾಲ್ಕು, ಐದು ಮಾತ್ರೆಗಳ ಗಣಗಳನ್ನು ಭಾವಕ್ಕೆ ತಕ್ಕಂತೆ ಜೋಡಿಸಿ, ಸಾಲುಗಳನ್ನು ಬೇಕಾದಂತೆ ಕುಗ್ಗಿಸಿ ಹಿಗ್ಗಿಸಿ, ಬಗೆಬಗೆಯ ಪದ್ಯಬಂಧಗಳನ್ನು ನಿರ್ಮಿಸಿದರು. ಇವೆಲ್ಲ 1926ರ ‘ಇಂಗ್ಲಿಷ್ ಗೀತಗಳು’ ಸಂಕಲನದಲ್ಲಿ ತುಂಬಿಕೊಂಡಿವೆ. ಷೆಲ್ಲಿ, ಬರ್ನ್ಸ್, ವರ್ಡ್ಸ್‌ವರ್ತ್ ಮೊದಲಾದವರು ಅಲ್ಲಿ ಕನ್ನಡದ ಉಡುಗೆ ತೊಟ್ಟರು. ಕಾರ್ಡಿನಲ್ ನ್ಯೂಮನ್ನರ ಪ್ರಾರ್ಥನಾಗೀತೆಯಂತೂ ಅನುವಾದವೆಂಬುದೇ ಮರೆತುಹೋಗುವಷ್ಟು ನಮ್ಮದಾಯಿತು. ಥಾಮಸ್ ಹುಡ್ ಕವಿಯ ‘ದುಃಖಸೇತು’ವಿನಲ್ಲಿ ನೀರಿಗೆ ಹಾರಿ ಜೀವ ನೀಗಿದ ಅನಾಥೆಯೊಬ್ಬಳಿಗಾಗಿ ಕವಿ ಮರುಗುತ್ತಾನೆ. ಅರಸರ, ದೇವತೆಗಳ ಕಥೆಯೇ ಪ್ರಧಾನವಾಗಿದ್ದ ಪಂಡಿತಕಾವ್ಯಕ್ಕೆ ಇಂಥ ವಸ್ತು ಹೊಸದು.

ಗ್ರೀಕ್ ರುದ್ರನಾಟಕವನ್ನೂ ಅವರು ಹೀಗೆಯೇ ಬರಮಾಡಿಕೊಂಡರು. ಸೊಫೊಕ್ಲಿಸನ ಏಜಾಕ್ಸ್ ವೀರನು ‘ಅಶ್ವತ್ಥಾಮನ್’ ಆಗಿ ಮಹಾಭಾರತದ ನೆಲದಲ್ಲಿ ನಿಂತನು. ಈಸ್ಕಿಲಸನ ನಾಟಕ ‘ಪಾರಸಿಕರು’ ಆಯಿತು. ಹೊರಗಿನದಕ್ಕೆ ಕೈಚಾಚಿದವರು ಮನೆಯದನ್ನು ಮರೆಯಲಿಲ್ಲ. ರನ್ನನ ಚಂಪೂಕಾವ್ಯದಿಂದ ‘ಗದಾಯುದ್ಧ ನಾಟಕಂ’ ಕಡೆದರು. ಕನ್ನಡ ಛಂದಸ್ಸಿನ ಚರಿತ್ರೆಯನ್ನು ವಿಮರ್ಶಕರ ಕಣ್ಣಿನಿಂದ ನೋಡಿದರು. 1927ರಲ್ಲಿ ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಕನ್ನಡ ಎಂ.ಎ. ತರಗತಿ ತೆರೆಯುವುದರಲ್ಲಿಯೂ ಅವರ ಶ್ರಮವಿತ್ತು. 1929ರಲ್ಲಿ ಅಲ್ಲಿಂದ ಪದವಿ ಪಡೆದು ಹೊರಬಂದವರಲ್ಲಿ ಕುವೆಂಪು ಒಬ್ಬರು.

ಇಷ್ಟು ಮಾಡಿದ ಕವಿಯ ಸ್ವಂತ ಕವನಗಳು ಎಷ್ಟು? ‘ಹೊಂಗನಸುಗಳು’ ಎಂಬ ಒಂದು ಚಿಕ್ಕ ಸಂಕಲನ. ಎರವಲು ತಂದ ಕವಿಯೆಂದು ಅವರನ್ನು ಹಳಿಯುವುದು ಸುಲಭ. ಆದರೆ ಬಾವಿ ತೋಡಿದವನನ್ನು, ಎಷ್ಟು ಕೊಡ ನೀರು ಕುಡಿದೆ ಎಂದು ಯಾರೂ ಕೇಳುವುದಿಲ್ಲ. ತನ್ನ ಹಾಡಿಗೆ ಮೀಸಲಾಗಬಹುದಿದ್ದ ಶಕ್ತಿಯನ್ನು ಶ್ರೀಯವರು ಮುಂದಿನವರ ಹಾಡಿಗೆ ದಾರಿ ಮಾಡುವುದರಲ್ಲಿ ಸವೆಸಿದರು. ಅದು ತಿಳಿದೇ ಮಾಡಿದ ತ್ಯಾಗವೋ, ಗುರುವಿನ ಸಹಜಧರ್ಮವೋ, ಹೇಳುವುದು ಕಷ್ಟ. ಫಲವುಂಡದ್ದು ಕನ್ನಡ.

1946ರ ಜನವರಿ 5ರಂದು ಶ್ರೀಯವರು ಕಾಲವಶರಾದರು. ಕನ್ನಡ ತಲೆಯೆತ್ತುವ ಬಗೆಯನ್ನು ಕುರಿತು ಅವರು ನುಡಿದು ಆಗ 35 ವರ್ಷಗಳು ಸಂದಿದ್ದವು; ಆ ಹೊತ್ತಿಗೆ ಕನ್ನಡ ಕಾವ್ಯ ತಲೆಯೆತ್ತಿ ನಿಂತಿತ್ತು.