ಅಜ್ಜಿಯ ಅಂಟು, ಮೊಮ್ಮಕ್ಕಳ ನಂಟು

ಉತ್ತರ ಕರ್ನಾಟಕದ ಅನೇಕ ಮನೆಗಳಲ್ಲಿ ತಾಯಿಯನ್ನು ‘ಅವ್ವ’ ಎಂದೂ ಅಜ್ಜಿಯನ್ನು ‘ಅಮ್ಮ’ ಎಂದೂ ಕರೆಯುವ ರೂಢಿಯಿದೆ. ‘ಆಯಿ’ ಎನ್ನುವವರೂ ಉಂಟು. ಕರೆಯುವ ಹೆಸರು ಯಾವುದಾದರೇನು, ಮನೆಯೆಂಬ ಮೊದಲ ಪಾಠಶಾಲೆಯ ಹಿರಿಯ ಗುರು ಆಕೆಯೇ. ಈ ಶಾಲೆಗೆ ಪಠ್ಯಪುಸ್ತಕವಿಲ್ಲ, ಪರೀಕ್ಷೆಯಿಲ್ಲ, ಹಾಜರಿಯೂ ಇಲ್ಲ. ಆದರೆ ಗುರು ತೀರಿಕೊಂಡ ದಿನವೇ ಶಾಲೆಯ ಬಾಗಿಲೂ ಮುಚ್ಚಿಹೋಗುತ್ತದೆ. ಆಮೇಲೆ ಉಳಿಯುವುದು ಗೋಡೆಯ ಮೇಲಿನ ಭಾವಚಿತ್ರ ಮತ್ತು ‘ಅಮ್ಮ ಅದನ್ನ ಹ್ಯಾಂಗ ಮಾಡತಿದ್ದಳು?’ ಎಂಬ, ಉತ್ತರ ಹೇಳುವವರಿಲ್ಲದ ಪ್ರಶ್ನೆ.

ಆ ಶಾಲೆಯ ಪಾಠ ಎಂಥದೆಂದು ತಿಳಿಯಲು ಕೊಪ್ಪಳ ತಾಲ್ಲೂಕಿನ ಕಿನ್ನಾಳಕ್ಕೆ ಹೋಗಬೇಕು. ಇಲ್ಲಿಯ ಚಿತ್ರಗಾರ ಕುಟುಂಬಗಳು ತಲೆಮಾರುಗಳಿಂದ ಹಗುರ ಮರದ ಗೊಂಬೆಗಳನ್ನೂ ದೇವರ ಮೂರ್ತಿಗಳನ್ನೂ ಮಾಡುತ್ತ ಬಂದಿವೆ. ಈ ಕಲೆಗೆ ಭೌಗೋಳಿಕ ಸೂಚಿಯ ಮಾನ್ಯತೆಯೂ ದೊರೆತಿದೆ. ಗರುಡನ ಗೊಂಬೆಗೆ 12 ಬಿಡಿಭಾಗಗಳು, ಸಿಂಹಾಸನದ ಮೇಲೆ ಕುಳಿತ ಗಣಪತಿಗೆ 22. ಇಷ್ಟೆಲ್ಲ ತುಂಡುಗಳನ್ನು ಒಂದು ಮಾಡಿ ಹಿಡಿದಿಡುವುದು ಯಾವುದು? ಪೇಟೆಯಿಂದ ತಂದ ಅಂಟಲ್ಲ. ಹಣ್ಣು ತೆಗೆದ ಮೇಲೆ ನಾವು ತಿಪ್ಪೆಗೆ ಎಸೆಯುವ ಹುಣಸೆಬೀಜ!

ಗೊಂಬೆ ಒಬ್ಬರ ಕೈಯ ಕೆಲಸವಲ್ಲ, ಮನೆಮಂದಿಯ ಕೆಲಸ. ಮರ ಕೆತ್ತುವವರು ಒಬ್ಬರಾದರೆ ಸರಿ ಅರೆಯುವವರು, ಮೆತ್ತುವವರು, ಬಣ್ಣ ಬಳಿಯುವವರು ಬೇರೆ. ಗೋಣಿಯ ಚಿಂದಿಯನ್ನು ನೆನೆಸಿ, ಚೂರು ಮಾಡಿ, ಒಣಗಿಸಿ, ಪುಡಿಮಾಡುತ್ತಾರೆ. ಅದಕ್ಕೆ ಮರದ ಹೊಟ್ಟು ಮತ್ತು ಹುಣಸೆಬೀಜದ ಸರಿ ಸೇರಿಸಿ ಕಲಸಿದರೆ ‘ಕಿಟ್ಟ’ ಸಿದ್ಧ. ಇದನ್ನು ಗೊಂಬೆಯ ಮೈಗೆಲ್ಲ ಕೈಯಿಂದಲೇ ಮೆತ್ತಿ, ಮೇಲೆ ಅರಿವೆಯ ತುಣುಕುಗಳನ್ನು ಅಂಟಿಸಿ, ಆಮೇಲೆ ಕಲ್ಲಿನ ಪುಡಿಯ ಲೇಪ ಕೊಡುತ್ತಾರೆ. ಬಣ್ಣದ ಸರದಿ ಕೊನೆಯದು. ಇಂಥ ಮನೆಯ ಮಗು ಕಿಟ್ಟದ ಹದವನ್ನು ತಿಳಿಯುವುದು ಹಿರಿಯರ ಮಗ್ಗುಲಲ್ಲಿ ಕುಳಿತು, ನೋಡಿ, ಮುಟ್ಟಿ.

ಇಲ್ಲಿರುವ ಮೊದಲ ಪಾಠ: ಕಸವೆಂಬುದೇ ಇಲ್ಲ. ಬೀಜ, ಚಿಂದಿ, ಹೊಟ್ಟು, ಕಲ್ಲು ಎಲ್ಲವೂ ಬೀಸಾಡುವ ವಸ್ತುಗಳೇ. ನಾಡಿನ ಎಲ್ಲ ಅಜ್ಜಿಯರೂ ಈ ಪಾಠ ಹೇಳಿದವರೇ. ಅದೇ ಹುಣಸೆಬೀಜವನ್ನು ಕಲ್ಲಿಗೆ ತಿಕ್ಕಿ, ಒಂದು ಮೈ ಬಿಳಿ ಮಾಡಿ, ಚೌಕಾಬಾರ ಆಡಲು ಕೊಟ್ಟವರು ಅವರೇ ಅಲ್ಲವೆ?

ಎರಡನೆಯ ಪಾಠ: ಅವಸರ ಕೂಡದು. ಒಂದು ಪದರ ಒಣಗದೆ ಇನ್ನೊಂದನ್ನು ಬಳಿದರೆ ಒಳಗಿನ ನೀರು ಸಿಕ್ಕಿಕೊಳ್ಳುತ್ತದೆ. ಅದು ನಿಧಾನವಾಗಿ ಹೊರಬೀಳುತ್ತ ಹೋದಂತೆ ಪದರ ಕುಗ್ಗಿ ಬಿರುಕು ಬಿಡುತ್ತದೆ. ಬೇಸಿಗೆಯಲ್ಲಿ ಎರೆಹೊಲ ಬಾಯಿಬಿಡುವುದೂ ಇದೇ ಕಾರಣಕ್ಕೆ. ಕಿಟ್ಟದಲ್ಲಿ ಗೋಣಿಯ ನಾರು ಬೆರೆಸುವುದೂ ಬಿರುಕು ತಡೆಯಲೆಂದೇ. ಮಣ್ಣಿನ ಗೋಡೆ ಕಟ್ಟುವಾಗ ಹುಲ್ಲು ಸೇರಿಸಿ ತುಳಿಯುತ್ತಿದ್ದ ಹಿರಿಯರಿಗೆ ಈ ಗುಟ್ಟು ಗೊತ್ತಿತ್ತು.

ಇನ್ನು ಅಂಟಿನ ವಿಷಯ. ಹುಣಸೆಬೀಜದ ತಿರುಳಿನಲ್ಲಿ ನೀರಿನೊಡನೆ ಸೇರಿ ಲೋಳೆಯಾಗುವ ವಸ್ತು ಶೇಕಡ 46ರಿಂದ 48ರಷ್ಟಿದೆ ಎಂದು ಘೋಷ್ ಮತ್ತು ಕೃಷ್ಣ ಎಂಬ ಇಬ್ಬರು ಭಾರತೀಯ ವಿಜ್ಞಾನಿಗಳು ಪ್ರಕಟಿಸಿದ್ದು 1942ರಲ್ಲಿ. ಇದಕ್ಕೆ ಈಗ ಕ್ಸೈಲೊಗ್ಲೂಕಾನ್ ಎಂಬ ಹೆಸರಿದೆ. ಸಕ್ಕರೆಯ ಅಣುಗಳು ಸರಪಳಿಯಂತೆ ಕೂಡಿಕೊಂಡು ಆದ ವಸ್ತುವಿದು. ಸ್ವಾರಸ್ಯವೆಂದರೆ, ಗಿಡಮರಗಳ ಜೀವಕೋಶದ ಗೋಡೆಯಲ್ಲಿ ಸೆಲ್ಯುಲೋಸ್ ಎಳೆಗಳಿಗೆ ಅಂಟಿಕೊಂಡು ಅವನ್ನು ಬೆಸೆಯುವುದೂ ಇದೇ ಜಾತಿಯ ವಸ್ತು. ಮರ, ಅರಿವೆ, ಗೋಣಿ ಮೂರರಲ್ಲೂ ಇರುವುದು ಸೆಲ್ಯುಲೋಸ್. ಹೀಗಿರುವಾಗ ಹುಣಸೆಯ ಅಂಟು ಅವುಗಳಿಗೆ ಬಿಗಿಯಾಗಿ ಹಿಡಿಯುವುದು ಸಹಜವೇ. ಬಟ್ಟೆ ಮತ್ತು ಸೆಣಬಿನ ಗಿರಣಿಗಳಲ್ಲೂ ನೂಲಿಗೆ ಗಂಜಿ ಕೊಡಲು ಹುಣಸೆಬೀಜದ ಪುಡಿ ಬಳಸುತ್ತಾರೆ. ಕೈಗೆ ಮೊದಲೇ ತಿಳಿದಿದ್ದಕ್ಕೆ ಪ್ರಯೋಗಾಲಯ ಆಮೇಲೆ ಕಾರಣ ಹೇಳಿತು.

ಇದೇ ಕೊಪ್ಪಳ ತಾಲ್ಲೂಕಿನ ಮೋರನಾಳದ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರ ಹೆಸರು ಎಲ್ಲರಿಗೂ ಗೊತ್ತು. ತೊಗಲುಗೊಂಬೆ ಆಟದ ಈ ಹಿರಿಯಜ್ಜಿಗೆ 2025ರಲ್ಲಿ, 96ರ ವಯಸ್ಸಿನಲ್ಲಿ, ಪದ್ಮಶ್ರೀ ಪ್ರಶಸ್ತಿ ಸಂದಿತು. ಹೊರದೇಶಗಳಲ್ಲೂ ರಾಮಾಯಣ, ಮಹಾಭಾರತಗಳನ್ನು ಆಡಿಸಿ ಬಂದವರು ಅವರು. ಆದರೆ ಪ್ರಶಸ್ತಿಗಿಂತ ದೊಡ್ಡ ಮಾತೆಂದರೆ ಆ ವಿದ್ಯೆಯನ್ನು ಮಕ್ಕಳು, ಮೊಮ್ಮಕ್ಕಳಿಗೆ ದಾಟಿಸಿದ್ದು. ಹೆರೆದು ತೆಳುವಾಗಿಸಿದ ತೊಗಲು ಬೆಳಕನ್ನು ತನ್ನ ಮೂಲಕ ಹಾಯಗೊಡುತ್ತದೆ. ಆದ್ದರಿಂದಲೇ ಪರದೆಯ ಮೇಲೆ ಕಪ್ಪು ನೆರಳಿನ ಬದಲು ಬಣ್ಣದ ನೆರಳು ಬೀಳುತ್ತದೆ. ಗೊಂಬೆಯನ್ನು ಪರದೆಯಿಂದ ದೀಪದತ್ತ ಸರಿಸಿದರೆ ನೆರಳು ದೊಡ್ಡದಾಗುತ್ತದೆ, ಅಂಚು ಮಸುಕಾಗುತ್ತದೆ. ಬೆಳಕಿನ ಪಾಠ ಓದುವ ವಿದ್ಯಾರ್ಥಿಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಕೆ?

ಹಾಗೆಂದು ಅಜ್ಜಿ ಹೇಳಿದ್ದೆಲ್ಲ ವೇದವಾಕ್ಯವಲ್ಲ. ಗ್ರಹಣದ ಹೊತ್ತಿನಲ್ಲಿ ಉಂಡರೆ ಅನ್ನ ವಿಷವಾಗುವುದಿಲ್ಲ. ಹಾವಿಗೆ ಹಾಲು ಆಹಾರವಲ್ಲ. ಸುಟ್ಟ ಗಾಯಕ್ಕೆ ಶಾಯಿ, ಸಗಣಿ ಹಚ್ಚಬಾರದು. ಇಪ್ಪತ್ತು ನಿಮಿಷ ತಣ್ಣನೆಯ ನೀರು ಬಿಡಬೇಕು. ಎಳೆಗೂಸಿನ ಹೊಕ್ಕುಳಿಗೆ ಬೂದಿಯನ್ನೋ ಸಗಣಿಯನ್ನೋ ಹಚ್ಚಿ ಧನುರ್ವಾಯುವಿಗೆ ಮಕ್ಕಳನ್ನು ಕಳೆದುಕೊಂಡ ಮನೆಗಳು ಹಿಂದೆ ಬಹಳವಿದ್ದವು. ಆ ಬೂದಿ ಹಚ್ಚಿದ ಕೈಯಲ್ಲೂ ಪ್ರೀತಿಗೆ ಕೊರತೆಯಿರಲಿಲ್ಲ; ಕೊರತೆಯಿದ್ದದ್ದು ತಿಳಿವಳಿಕೆಗೆ. ಆದ್ದರಿಂದ ಕಣ್ಣುಮುಚ್ಚಿ ನಂಬುವುದೂ ಬೇಡ, ಅಡಗೂಲಜ್ಜಿ ಕಥೆ ಎಂದು ಮೂಗು ಮುರಿಯುವುದೂ ಬೇಡ. ಕೇಳಿ, ಬರೆದುಕೊಂಡು, ಪರೀಕ್ಷಿಸಿ ನೋಡುವುದೇ ಆಕೆಗೆ ಸಲ್ಲುವ ಮರ್ಯಾದೆ.

ವಿದ್ಯಾರ್ಥಿಗಳು ಈ ಭಾನುವಾರವೇ ಒಂದು ಇನ್ನೂರು ಪುಟದ ನೋಟ್‌ಬುಕ್ಕನ್ನು ಇದಕ್ಕಾಗಿ ತೆಗೆದಿಡಬಹುದು. ಕಾಳಿಗೆ ಹುಳು ಬೀಳದಂತೆ ಏನು ಬೆರೆಸುತ್ತಿದ್ದರು? ಉಪ್ಪಿನಕಾಯಿಗೆ ಉಪ್ಪು ಎಷ್ಟು? ‘ಒಂದು ಬೊಗಸೆ’ ಎಂದರೆ ಅಷ್ಟಕ್ಕೇ ಬಿಡಬೇಡಿ. ಆ ಬೊಗಸೆಯನ್ನು ತಕ್ಕಡಿಗೆ ಹಾಕಿ ತೂಗಿ, ಗ್ರಾಂ ಲೆಕ್ಕದಲ್ಲಿ ಬರೆಯಿರಿ. ಹುಣಸೆಬೀಜ ಹುರಿದು, ಸಿಪ್ಪೆ ತೆಗೆದು, ರಾತ್ರಿ ನೆನೆಹಾಕಿ, ಅರೆದು, ದೊಡ್ಡವರ ಎದುರಿನಲ್ಲಿ ಕುದಿಸಿ ಸರಿ ಮಾಡಿ. ಕುದಿಸದೆ ಕಲಸಿದ ಅಂಟನ್ನೂ ಕುದಿಸಿದ ಅಂಟನ್ನೂ ಕಾಗದಕ್ಕೆ ಹಚ್ಚಿ, ಒಣಗಿದ ಮೇಲೆ ಎಳೆದು ನೋಡಿ. ಯಾವುದು ಬಿಗಿ ಎಂಬುದನ್ನು ನಿಮ್ಮ ಕೈಯೇ ಹೇಳುತ್ತದೆ.

ಪಾಲಕರಿಗೊಂದು ಮಾತು. ಟ್ಯೂಷನ್‌ಗೆಂದು ಮಕ್ಕಳ ಸಂಜೆಗಳನ್ನೆಲ್ಲ ಬರೆದುಕೊಟ್ಟಿದ್ದೀರಿ. ಅದರಲ್ಲಿ ವಾರಕ್ಕೊಂದು ಸಂಜೆಯನ್ನು ಊರಿನಲ್ಲಿರುವ ಅಜ್ಜಿಗೆ ಬಿಟ್ಟುಕೊಡಿ. ಹೋಗಲಾಗದಿದ್ದರೆ ಫೋನಿನಲ್ಲಾದರೂ ಮಾತಾಡಿಸಿ. ತೀರಿಕೊಂಡವರ ಪಾಠವನ್ನು ಅವರ ಓರಗೆಯವರಿಂದ, ತಂಗಿಯರಿಂದ, ನೆರೆಮನೆಯವರಿಂದ ಅಷ್ಟಿಷ್ಟು ಕೂಡಿಸಬಹುದು. ಇರುವವರ ಪಾಠವನ್ನು ಮಾತ್ರ ಅವರ ಬಾಯಿಂದಲೇ ಕೇಳಬೇಕು, ಅದೂ ಅವರಿರುವಾಗಲೇ.