ಪುರಾಣ ಪಹಣಿಯಲ್ಲ

ಮುಳಬಾಗಿಲು ತಾಲ್ಲೂಕಿನ ಆವಣಿ ಬೆಟ್ಟ ಹತ್ತುವವರಿಗೆ ರಾಮಾಯಣದ ಉತ್ತರಕಾಂಡ ಬಂಡೆ ಬಂಡೆಯಾಗಿ ಎದುರಾಗುತ್ತದೆ. ವಾಲ್ಮೀಕಿಯ ಆಶ್ರಮ ಇಲ್ಲಿತ್ತು, ಸೀತೆ ಲವಕುಶರನ್ನು ಹೆತ್ತದ್ದು ಇಲ್ಲೇ ಎಂದು ಊರವರು ಜಾಗ ತೋರಿಸುತ್ತಾರೆ. ಕೋಲಾರದ ಮಗ್ಗುಲಿನ ಶತಶೃಂಗ ಬೆಟ್ಟಕ್ಕೆ ಜಮದಗ್ನಿ, ರೇಣುಕೆ, ಪರಶುರಾಮರ ಕತೆ ಅಂಟಿಕೊಂಡಿದೆ. ಮುಳಬಾಗಿಲಿನ ಆಂಜನೇಯನನ್ನು ಪ್ರತಿಷ್ಠಾಪಿಸಿದವನು ಅರ್ಜುನ. ಮಾಲೂರು ತಾಲ್ಲೂಕಿನ ಚಿಕ್ಕತಿರುಪತಿಗೆ ಖಾಂಡವದಹನದ ಅಗ್ನಿಯ ನಂಟು. ಶಾಲೆಯ ಗೋಡೆಯ ಮೇಲೆ ಜಿಲ್ಲೆಯ ನಕ್ಷೆ ನೋಡುವ ಮೊದಲೇ ಇಲ್ಲಿನ ಮಗು ತನ್ನ ಊರನ್ನು ಪುರಾಣದೊಳಗೆ ನೋಡಿರುತ್ತದೆ. ಹುಟ್ಟಿದ ನೆಲವನ್ನು ಧರ್ಮಗ್ರಂಥದ ಮೂಲಕ ಪರಿಚಯಿಸುವುದು ಸರಿಯೇ ಎಂಬ ಪ್ರಶ್ನೆ ಹಾಗಾಗಿ ದೂರದ್ದೇನಲ್ಲ. ಸರಿ ಎಂದೇ ನನ್ನ ಉತ್ತರ. ಆದರೆ ಗ್ರಂಥ ಹೇಳಿಕೊಡಬಲ್ಲದ್ದು ನೆಲದ ಋಣವನ್ನು. ಒಡೆತನಕ್ಕೆ ಅದನ್ನೇ ಪಹಣಿ ಮಾಡಿಕೊಂಡು ಹೊರಟರೆ ಅದು ಏನನ್ನೂ ಇತ್ಯರ್ಥ ಮಾಡಲಾರದು.

ನೆಲವನ್ನು ಗ್ರಂಥದಿಂದ ಕಲಿಯುವ ಈ ವಿದ್ಯೆಯನ್ನು ಯೆಹೂದ್ಯರಷ್ಟು ದೀರ್ಘಕಾಲ ಅಭ್ಯಾಸ ಮಾಡಿದವರು ಕಡಿಮೆ. ನೆಲ ಕೈತಪ್ಪಿದ ಮೇಲೂ ಶತಮಾನಗಳ ಕಾಲ ಅವರ ಮಕ್ಕಳು ಆ ನೆಲವನ್ನು ಕಲಿತದ್ದು ಗ್ರಂಥದ ಪುಟಗಳಲ್ಲಿ. ಕಲಿತದ್ದು ಏನನ್ನು? ಮೊದಲಿಗೆ ಮಳೆಯನ್ನು. ಈಜಿಪ್ಟಿನಲ್ಲಿ ನದಿಯ ನೀರು ಹಾಯಿಸಿ ಬೆಳೆಯುತ್ತಾರೆ, ನೀವು ಹೋಗುವ ನಾಡು ಆಕಾಶದ ಮಳೆಯನ್ನೇ ಕುಡಿಯುತ್ತದೆ ಎಂದು ಅವರ ಗ್ರಂಥದ ಧರ್ಮೋಪದೇಶಕಾಂಡ ತಿಳಿಸುತ್ತದೆ. ಸುಗ್ಗಿಹಬ್ಬ ಮುಗಿದ ಕೂಡಲೇ ಮಳೆ ಬೇಡಬಾರದು, ಹದಿನೈದು ದಿನ ತಡೆಯಬೇಕು ಎಂಬ ಮಾತು ಅವರ ಧರ್ಮಶಾಸ್ತ್ರ ಸಂಗ್ರಹವಾದ ಮಿಷ್ನಾದಲ್ಲಿದೆ. ಜೆರುಸಲೇಮಿಗೆ ಬಂದಿದ್ದ ಕಟ್ಟಕಡೆಯ ಯಾತ್ರಿಕನೂ ಯೂಫ್ರಟೀಸ್ ನದಿಯ ದಡ ಮುಟ್ಟುವ ತನಕ ಅವನು ನೆನೆಯಬಾರದಲ್ಲ! ಒಬ್ಬ ನಡೆದುಹೋಗುವವನಿಗಾಗಿ ಇಡೀ ನಾಡಿನ ಮಳೆಯ ಪ್ರಾರ್ಥನೆಯನ್ನು ಮುಂದೂಡುವುದಕ್ಕಿಂತ ಒಳ್ಳೆಯ ಭೂಗೋಳದ ಪಾಠ ನನಗೆ ಗೊತ್ತಿಲ್ಲ.

ಗ್ರಂಥವೇ ಒಡೆತನವನ್ನು ಸಾರುತ್ತದಲ್ಲ ಎಂದು ಯಾರಾದರೂ ಕೇಳಬಹುದು. ಹೌದು, ಸಾರುತ್ತದೆ. 11ನೇ ಶತಮಾನದ ಫ್ರಾನ್ಸಿನ ವ್ಯಾಖ್ಯಾನಕಾರ ರಾಶಿ (ಕಣದ ರಾಶಿಯಲ್ಲ, ಆತನ ಹೆಸರೇ ಹಾಗೆ) ಆದಿಕಾಂಡದ ಮೊದಲ ಸಾಲಿಗೇ ಈ ಅರ್ಥ ಹಚ್ಚಿದ: ನಾಳೆ ಯಾರಾದರೂ ನೀವು ನೆಲಗಳ್ಳರು ಎಂದರೆ, ಲೋಕ ಸೃಷ್ಟಿಸಿದವನು ತನಗೆ ಬೇಕಾದವರಿಗೆ ಕೊಟ್ಟ ಎನ್ನಲು ಬರಲಿ ಎಂದೇ ಗ್ರಂಥ ಸೃಷ್ಟಿಯಿಂದ ಶುರುವಾಗಿದೆಯಂತೆ. ಆದರೆ ಅದೇ ಗ್ರಂಥದ ಯಾಜಕಕಾಂಡದಲ್ಲಿ ದೇವರು, ನೆಲ ನನ್ನದು, ನೀವು ಪರದೇಶಿಗಳು, ಬಿಡಾರ ಹೂಡಿದವರು, ಆದ್ದರಿಂದ ಅದನ್ನು ಶಾಶ್ವತವಾಗಿ ಮಾರಕೂಡದು ಎನ್ನುತ್ತಾನೆ. ಆ ನಾಡಿನಲ್ಲಿ ನೆಲೆಸುವುದು ಕಡ್ಡಾಯ ವಿಧಿ ಎಂದು 13ನೇ ಶತಮಾನದ ನಹ್ಮನಿಡೀಸ್ ಲೆಕ್ಕ ಹಾಕಿದ. ಮಿಷ್ನಾವನ್ನು ಚರ್ಚಿಸುವ ತಾಲ್ಮೂಡಿನ ಕೆತುಬೋತ್ ಭಾಗದಲ್ಲಿ ಬರುವ, ಒಟ್ಟಾಗಿ ಬಲದಿಂದ ಆ ನಾಡಿಗೆ ಮರಳಬಾರದು ಎಂಬುದೂ ಸೇರಿದ ಮೂರು ಆಣೆಗಳನ್ನು ಹಿಡಿದು, 20ನೇ ಶತಮಾನದಲ್ಲಿ ಸತ್ಮಾರ್ ಪಂಥದ ಗುರು ಯೋಎಲ್ ಟೈಟಲ್‌ಬಾಮ್ ಇಸ್ರೇಲ್ ರಾಷ್ಟ್ರ ಸ್ಥಾಪನೆಯೇ ಪಾಪ ಎಂದು ವಾದಿಸಿದರು. ಇಬ್ಬರೂ ದೊಡ್ಡ ಪಂಡಿತರು, ಇಬ್ಬರದೂ ಅದೇ ಪರಂಪರೆ. ಒಂದೇ ಪಹಣಿಯಲ್ಲಿ ಹೀಗೆ ಎರಡು ತೀರ್ಪು ಹೊರಟರೆ ಯಾವ ತಹಶೀಲ್ದಾರರೂ ಅದನ್ನು ಒಪ್ಪಲಾರರು.

ನಮ್ಮ ಕೋಲಾರವೂ ಆಕಾಶ ನೋಡುವ ನಾಡೇ. ವರ್ಷವಿಡೀ ಹರಿಯುವ ಹೊಳೆ ಇಲ್ಲಿಲ್ಲ. ಊರು ನಿಂತಿರುವುದು ಕೆರೆಯ ಮೇಲೆ. ಆವಣಿಯಲ್ಲಿ ರಾಮೇಶ್ವರ, ಲಕ್ಷ್ಮಣೇಶ್ವರ, ಭರತೇಶ್ವರ, ಶತ್ರುಘ್ನೇಶ್ವರ ಎಂದು ಅಣ್ಣತಮ್ಮಂದಿರ ಹೆಸರಿನ ನೊಳಂಬರ ಕಾಲದ ಗುಡಿಗಳಿವೆ. ಅಲ್ಲಿನ ಧರ್ಮಪೀಠವನ್ನು ನಲವತ್ತು ವರ್ಷ ಆಳಿದ ತ್ರಿಭುವನಕರ್ತರನೆಂಬ ಯತಿ ಐವತ್ತು ಗುಡಿಗಳನ್ನೂ ಎರಡು ದೊಡ್ಡ ಕೆರೆಗಳನ್ನೂ ಕಟ್ಟಿಸಿದ ಎಂದು 10ನೇ ಶತಮಾನದ ಶಾಸನ ಹೇಳುತ್ತದೆ. ಗುಡಿಯ ಲೆಕ್ಕದ ಜೊತೆಗೇ ಕೆರೆಯ ಲೆಕ್ಕ ಕೊಟ್ಟಿದೆ ನೋಡಿ. ಸೀತೆಯ ಕತೆ ಮಗುವನ್ನು ಬೆಟ್ಟಕ್ಕೆ ಕರೆತರುತ್ತದೆ. ಶಾಸನ ಅದನ್ನು ಕೆರೆ ಏರಿಯ ಮೇಲೆ ನಿಲ್ಲಿಸುತ್ತದೆ. ಕತೆಯಿಲ್ಲದಿದ್ದರೆ ಮಗು ಬರುವುದೇ ಇಲ್ಲ, ಶಾಸನವಿಲ್ಲದಿದ್ದರೆ ಬಂದದ್ದು ಬರೀ ಕೈಮುಗಿಯುವುದರಲ್ಲೇ ಮುಗಿಯುತ್ತದೆ. ಊರಿನ ಹೆಸರು ಗ್ರಂಥಸ್ಥವಾಗಿ ಉಳಿಯುವ ಬಗೆಯನ್ನೂ ಇಲ್ಲೇ ಕಲಿಸಬಹುದು. ಗಂಗರು ರಾಜಧಾನಿಯನ್ನು ತಲಕಾಡಿಗೆ ಒಯ್ದ ಮೇಲೂ ಕುವಳಾಲಪುರದ, ಅಂದರೆ ಕೋಲಾರದ, ಒಡೆಯರೆಂದೇ ತಮ್ಮ ಬಿರುದಿನಲ್ಲಿ ಶತಮಾನಗಳ ಕಾಲ ಹೇಳಿಕೊಂಡರು. ಬಿಟ್ಟುಬಂದ ಊರನ್ನು ಹೆಸರಿನಲ್ಲಿ ಹೊತ್ತು ತಿರುಗುವುದು ಯೆಹೂದ್ಯರದಷ್ಟೇ ಅಲ್ಲ.

ಇದೆಲ್ಲ ಕಟ್ಟುಕತೆ, ಶಾಲೆಗೇಕೆ ಎನ್ನುವವರ ಮಾತಿನಲ್ಲಿ ಅರ್ಧ ಸತ್ಯವಿದೆ. ಕಾನ್ಪುರದ ಬಳಿಯ ಬಿಠೂರಿನವರೂ ವಾಲ್ಮೀಕಿಯ ಆಶ್ರಮ ತಮ್ಮದೆನ್ನುತ್ತಾರೆ. ಇಬ್ಬರನ್ನೂ ಕೋರ್ಟಿಗೆ ಕರೆಯಬೇಕಾಗಿಲ್ಲ. ಸಂವಿಧಾನದ 28ನೇ ವಿಧಿ ಸಂಪೂರ್ಣವಾಗಿ ಸರ್ಕಾರದ ಹಣದಲ್ಲೇ ನಡೆಯುವ ಶಾಲೆಯಲ್ಲಿ ಧಾರ್ಮಿಕ ಬೋಧನೆ ಬೇಡ ಎನ್ನುತ್ತದೆ. ಆದರೆ ಧರ್ಮಗಳ ಬಗ್ಗೆ ತಿಳಿಸುವುದು ಬೇರೆ ಎಂದು 2002ರಲ್ಲಿ ಅರುಣಾ ರಾಯ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಬಿಡಿಸಿ ಹೇಳಿದೆ. ನನಗೆ ಹೆಚ್ಚು ಗಟ್ಟಿ ಎನಿಸುವ ಆಕ್ಷೇಪ ಇನ್ನೊಂದು: ಪುರಾಣದಲ್ಲಿ ಹೆಸರಿಲ್ಲದವರಿಗೆ ಈ ಊರು ಯಾರದು? ಕೋಲಾರಮ್ಮನ ಗುಡಿಯಲ್ಲಿ ಚೋಳರ ತಮಿಳು ಶಾಸನಗಳಿವೆ. ಹೈದರಾಲಿ ಹುಟ್ಟಿದ್ದು ಬೂದಿಕೋಟೆಯಲ್ಲಿ, ಅವನ ತಂದೆ ಫತೇ ಮಹಮ್ಮದನ ಗೋರಿ ಇರುವುದು ಕೋಲಾರದಲ್ಲಿ. ಸಂತೆಯಲ್ಲಿ ತೆಲುಗು ಕೇಳಿಸದ ದಿನವಿಲ್ಲ. ದೇವರ ಹೆಸರಿನಂತೆ ಕೇಳುವ ಶ್ರೀನಿವಾಸಪುರವಂತೂ ಮೊದಲು ಪಾಪನಪಲ್ಲಿಯಾಗಿತ್ತು, ದಿವಾನ್ ಪೂರ್ಣಯ್ಯ ತಮ್ಮ ಮಗನ ಹೆಸರಿಟ್ಟರು ಎನ್ನುತ್ತದೆ ಹಳೆಯ ಗೆಜೆಟಿಯರ್. ಪುರಾಣವನ್ನು ಪಹಣಿಯಾಗಿ ಓದಿದರೆ ಇವರೆಲ್ಲ ಒತ್ತುವರಿದಾರರಾಗುತ್ತಾರೆ. ಋಣವಾಗಿ ಓದಿದರೆ ಆ ಕೆರೆಯ ನೀರು ಕುಡಿದವರೆಲ್ಲರೂ ಒಂದೇ ಲೆಕ್ಕದ ಸಾಲಗಾರರು.

ಹಾಗಾಗಿ ಮಕ್ಕಳನ್ನು ಆವಣಿಗೆ ಕರೆದೊಯ್ಯುವ ಮೇಷ್ಟ್ರು ಸೀತೆಯ ಕತೆಯನ್ನು ಮನಸಾರೆ ಹೇಳಲಿ, ಅವಸರ ಬೇಡ. ಇಳಿಯುವಾಗ ಒಂದೇ ಪ್ರಶ್ನೆ ಕೇಳಿದರೆ ಸಾಕು: ಆ ಯತಿ ಕಟ್ಟಿಸಿದ ಎರಡು ಕೆರೆಗಳು ಈಗ ಎಲ್ಲಿವೆ, ಅವುಗಳ ತೂಬು ತೆಗೆಯುವವರು ಯಾರು?