ಅಟ್ಟದ ಕಾಯಿ ನಿನ್ನ ಮನಸ್ಸನ್ನ ಕೇಳಲ್ಲ

1/5
"ನೀನು ನೋಡಿದ ಹಾಗೆ ಜಗತ್ತು ಬದಲಾಗುತ್ತೆ, ಕ್ವಾಂಟಮ್ ಫಿಸಿಕ್ಸ್ ಪ್ರೂವ್ ಮಾಡಿದೆ!" ಈ ಥರ ರೀಲ್ ನಮ್ಮ ಕ್ಲಾಸ್ ಗ್ರೂಪಲ್ಲಿ ಎಷ್ಟು ಸಲ ಬಂತು ಹೇಳಿ? ಕೊನೇಲಿ ಒಂದು ಕೋರ್ಸು, ಒಂದು ಕ್ಯೂಆರ್ ಕೋಡು. ಅಪ್ಪ ಕೊಬ್ಬರಿ ಮಾರಿ ಕೊಟ್ಟ ದುಡ್ಡು ಅಲ್ಲಿಗೆ ಹೋಗುತ್ತೆ. ನಾನು ಓದ್ತಿರೋದು ಬಿಕಾಂ, ಫಿಸಿಕ್ಸ್ ಅಲ್ಲ. ಆದ್ರೆ ಲೆಕ್ಕ ಕೇಳೋದು ನಮ್ಮ ಸಬ್ಜೆಕ್ಟೇ ಕಣ್ರೋ.

2/5
ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಕಡೆಯವರಿಗೆ ಗೊತ್ತು: ಕಾಯಿ ಅಟ್ಟದಲ್ಲಿ ತಿಂಗಳುಗಟ್ಟಲೆ ಒಣಗುತ್ತೆ. ಕಿವಿ ಹತ್ರ ಹಿಡಿದು ಅಲ್ಲಾಡಿಸಿದ್ರೆ ಒಳಗಿನ ಕೊಬ್ಬರಿ ಸದ್ದು ಮಾಡುತ್ತೆ. ಇಲ್ಲಿ ನಾವು ಬಾಯಿಬಿಟ್ಟು ಹೇಳದೇ ನಂಬಿರೋದು ಎರಡು. ಒಂದು: ನಾವು ನೋಡ್ಲಿ ಬಿಡ್ಲಿ, ಒಳಗೆ ಒಣಗಿದೆ ಇಲ್ಲಾ ಒಣಗಿಲ್ಲ. ಎರಡು: ಹುಷಾರಾಗಿ ಪರೀಕ್ಷೆ ಮಾಡಿದ್ರೆ ಅದು ಬದಲಾಗಲ್ಲ.

3/5
1985ರಲ್ಲಿ ಲೆಗೆಟ್ ಮತ್ತು ಗರ್ಗ್ ಅನ್ನೋ ವಿಜ್ಞಾನಿಗಳು ಇದೇ ಎರಡು ನಂಬಿಕೆಯನ್ನ ಲೆಕ್ಕಕ್ಕೆ ಇಳಿಸಿದ್ರು. ಒಂದೇ ವಸ್ತುವನ್ನ ಬೇರೆ ಬೇರೆ ಹೊತ್ತಲ್ಲಿ ಅಳೆದು ಉತ್ತರಗಳನ್ನ ತಾಳೆ ನೋಡಿ. ಎರಡೂ ನಂಬಿಕೆ ನಿಜ ಆದ್ರೆ ಬರೋ ಮೊತ್ತ 1 ದಾಟಬಾರದು. ಕ್ವಾಂಟಮ್ ಲೆಕ್ಕದಲ್ಲಿ 1.5ರ ತನಕ ಹೋಗಬಹುದು. ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯ ಉರ್ಬಸಿ ಸಿನ್ಹಾ ಅವರ ತಂಡ ಇದನ್ನ ಫೋಟಾನ್, ಅಂದ್ರೆ ಬೆಳಕಿನ ಒಂದೊಂದೇ ಕಣದ ಮೇಲೆ ಪರೀಕ್ಷಿಸಿ 2022ರಲ್ಲಿ ಪ್ರಕಟಿಸಿತು. ಮೊತ್ತ 1 ದಾಟಿತ್ತು!

4/5
"ಮುಟ್ಟಿದ್ದಕ್ಕೇ ಕೆಟ್ಟಿರಬೇಕು" ಅಂತೀರಾ? ಅದಕ್ಕೂ ಉಪಾಯ ಮಾಡಿದ್ರು. ಫೋಟಾನ್‌ಗೆ ಎರಡು ದಾರಿ, ಒಂದನ್ನ ಮುಚ್ಚಿದ್ರು. ಆಚೆ ಬಂದಿದ್ದು ಇನ್ನೊಂದು ದಾರಿದು, ಅದನ್ನ ಯಾರೂ ಮುಟ್ಟಿಲ್ಲ ಅನ್ಬೇಕು. ಆದ್ರೂ ಲೆಕ್ಕ ಕೂಡಲಿಲ್ಲ. ಹಾಗಾದ್ರೆ ಅಳೆಯೋ ಮೊದಲು ಅದಕ್ಕೆ ಖಚಿತವಾದ ಸ್ಥಿತಿ ಇತ್ತಾ? ಇಲ್ಲಾ ಮುಟ್ಟದೇನೂ ಏನೋ ಬದಲಾಯ್ತಾ? ಒಗಟು ಅಂದ್ರೆ ಇದು. ಇದರ ಅರ್ಥ ಏನು ಅಂತ ವಿಜ್ಞಾನಿಗಳು ಇವತ್ತಿಗೂ ವಾದ ಮಾಡ್ತಿದ್ದಾರೆ.

5/5
ಈಗ ಹೇಳಿ, ಇದ್ರಲ್ಲಿ ನಿಮ್ಮ 'ಪಾಸಿಟಿವ್ ಮೈಂಡ್' ಎಲ್ಲಿ ಬಂತು? ಎಣಿಸಿದ್ದು ಡಿಟೆಕ್ಟರ್. ಅದಕ್ಕೆ ಆಸೆನೂ ಇಲ್ಲ, ಕನಸೂ ಇಲ್ಲ. ಏನನ್ನ ಅಳೀಬೇಕು ಅನ್ನೋದಷ್ಟೇ ಲ್ಯಾಬಿನವರ ಕೈಲಿ. ಏನು ಉತ್ತರ ಬರಬೇಕು ಅನ್ನೋದು ಯಾರ ಕೈಲೂ ಇಲ್ಲ. ರೀಲ್ ಮಾಡೋರು ಮಾರ್ತಿರೋದು ಸರಿಯಾಗಿ ಅದನ್ನೇ, ಯಾರ ಕೈಲೂ ಇಲ್ಲದ್ದನ್ನ.

ಮುಂದಿನ ಸಲ ಅಂಥ ರೀಲ್ ಬಂದ್ರೆ ಕಾಮೆಂಟಲ್ಲಿ ಕೇಳಿ: ಯಾವ ಪ್ರಯೋಗ? ಯಾವ ವರ್ಷ? ಎಷ್ಟು ಬಂತು? ಲೆಕ್ಕ ಕೊಡದೋರಿಗೆ ದುಡ್ಡು ಕೊಡಬೇಡಿ.

#ತಿಪಟೂರು #ಕ್ವಾಂಟಮ್ #ಬಿಕಾಂಹುಡುಗರು